ಮುಚ್ಚಳಿಕೆ ಬರೆದುಕೊಡಿ ಅಂತಿದ್ದಾರೆ, ಸಹಿ ಹಾಕಬೇಕಾ?

ಗಜನಿ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ, ಹೊನ್ನಾವರ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಕಾಲೇಜಿನ ಹೆಸರು ಬೇಡ. ನನ್ನದು ಅನುದಾನದ ಹುದ್ದೆ ಅಲ್ಲ, ಮ್ಯಾನೇಜ್‌ಮೆಂಟ್ ಸಂಬಳ. ಅಂದರೆ ವರ್ಷದ ಶುರುವಿನಲ್ಲಿ ಕರೆದರೆ ಕೆಲಸ, ಕರೆಯದಿದ್ದರೆ ಮನೆ. ಇದರ ಜೊತೆಗೆ ಪರಿಸರ ಅಧ್ಯಯನದ ಪತ್ರಿಕೆಯೂ ನನ್ನ ತಲೆಗೇ ಬಂದಿದೆ. ಎಲ್ಲ ಕಡೆಯೂ ಇದೇ ಕಥೆ, ಅಲ್ವಾ? ಯಾರ ಟೈಮ್‌ಟೇಬಲ್‌ನಲ್ಲಿ ಜಾಗ ಇದೆಯೋ ಅವರಿಗೆ ಪರಿಸರ.

ಆ ಪತ್ರಿಕೆಯಲ್ಲಿ ಕ್ಷೇತ್ರಕಾರ್ಯ ಅಂತ ಇದೆ. ಹೆಚ್ಚಿನ ಕಡೆ ಕಾಲೇಜಿನ ಕೈತೋಟದ ಫೋಟೋ ಅಂಟಿಸಿ ಮುಗಿಸುತ್ತಾರೆ. ನಾನು ಹುಡುಗರನ್ನು ಅಘನಾಶಿನಿ ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಕರೆದುಕೊಂಡು ಹೋದೆ. ಇಳಿತದ ಹೊತ್ತು ನೋಡಿಕೊಂಡೇ ಹೋಗಿದ್ದು. ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವ ಹೆಂಗಸರ ಜೊತೆ ಮಾತಾಡಿಸಿದೆ. ಗಜನಿಯ, ಅಂದರೆ ಅಳಿವೆಯ ಉಪ್ಪುನೀರು ಬರುವ ಗದ್ದೆಯ, ಜಂತ್ರಡಿ (ನೀರು ತಡೆದು ಬಿಡುವ ಬಾಗಿಲು) ತೋರಿಸಿದೆ, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ತೋರಿಸಿದೆ. ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಅನ್ನುವುದು ನಮ್ಮ ಅರ್ಧ ಕ್ಲಾಸಿಗೆ ಗೊತ್ತೇ ಇರಲಿಲ್ಲ. ಹಿಂದೆ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು, ಆಮೇಲೆ ಬಿಟ್ಟುಹೋಯಿತು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಒಂದು ಅಸೈನ್‌ಮೆಂಟ್ ಕೊಟ್ಟೆ. "ಈ ಅಳಿವೆಗೆ ಒಂದು ವಾಣಿಜ್ಯ ಬಂದರು ಬಂದಿತು ಅಂತ ಇಟ್ಟುಕೊಳ್ಳಿ. ಲಾಭ ಎಷ್ಟು, ಯಾರಿಗೆ? ನಷ್ಟ ಎಷ್ಟು, ಯಾರಿಗೆ? ಲೆಕ್ಕ ಹಾಕಿ." ಹತ್ತು ಮಾರ್ಕು. ಕಾಸರಕೋಡ ಟೊಂಕದ ಬಂದರು, ಅಂಕೋಲೆಯ ಕೇಣಿಯ ಬಂದರು ಅಂತ ದಿನಾ ಪೇಪರಿನಲ್ಲಿ ಬರುವಾಗ ಬೇರೆ ಉದಾಹರಣೆ ಎಲ್ಲಿಂದ ತರಲಿ?

ಒಬ್ಬ ಹುಡುಗ ಎದ್ದು ಕೇಳಿದ, "ಸರ್, ನೀವು ಪರವೋ ವಿರೋಧವೋ?" ನಾನು ವಿರೋಧ ಅಂದೆ. ಯಾಕೆ ಅಂತಲೂ ಹೇಳಿದೆ. ನಮ್ಮದೇ ಗಜನಿ ಇದೆ, ಅಮ್ಮ ಈಗಲೂ ಕಗ್ಗದ ಗಂಜಿಯನ್ನೇ ಉಣ್ಣುತ್ತಾಳೆ, ಅದಕ್ಕೇ ನನ್ನ ಮಾತನ್ನು ಸ್ವಲ್ಪ ಸಂಶಯದಿಂದಲೇ ಕೇಳಿ ಅಂತಲೂ ಹೇಳಿದೆ.

ಒಬ್ಬ ಹುಡುಗಿ ಬಳಚು ತೆಗೆಯುವ ಅಮ್ಮನ ಮಾತಿನ ತುಣುಕೊಂದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ಕೆಳಗೆ "ನಮ್ಮ ಸರ್ ಕಲಿಸಿದ ಲೆಕ್ಕ" ಅಂತ. ಸಂಜೆಯೊಳಗೆ ಅದು ಆಡಳಿತ ಮಂಡಳಿಯ ಒಬ್ಬರ ಫೋನಿಗೆ ಹೋಯಿತು. ಅವರದ್ದು ಟಿಪ್ಪರ್, ಜಲ್ಲಿ ವ್ಯವಹಾರ. ಮರುದಿನ ಒಳಗೆ ಕರೆದರು. "ಸಿಲೆಬಸ್ ಮುಗಿಸಿ ಮಾರಾಯ್ರೆ, ಸಾಕು" ಅಂದರು. ಸಿಟ್ಟು ಮಾಡಲಿಲ್ಲ, ಚಹಾ ಕೊಟ್ಟರು. ಚಹಾದ ಜೊತೆಗೆ ಟೈಪ್ ಮಾಡಿದ ಒಂದು ಕಾಗದವನ್ನೂ ಕೊಟ್ಟರು. ಅದರಲ್ಲಿ ಇರುವುದು ಇಷ್ಟು: "ತರಗತಿಯಲ್ಲಾಗಲೀ ಹೊರಗಾಗಲೀ ಜಿಲ್ಲೆಯ ಯಾವುದೇ ಅಭಿವೃದ್ಧಿ ಯೋಜನೆಯ ಬಗ್ಗೆ ಮಾತನಾಡುವುದಿಲ್ಲ, ಬರೆಯುವುದಿಲ್ಲ ಎಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡುತ್ತೇನೆ."

"ಹೊರಗಾಗಲೀ" ಅಂತ ಯಾಕೆ ಸೇರಿಸಿದರು ಅಂದರೆ, ನಾನು ಆಗಾಗ ಒಂದು ಸ್ಥಳೀಯ ಪತ್ರಿಕೆಗೆ ಬರೆಯುತ್ತೇನೆ. ಹೆಸರಿನ ಕೆಳಗೆ ಕಾಲೇಜಿನ ಹೆಸರನ್ನು ಅವರೇ ಹಾಕುತ್ತಾರೆ.

ಸಹಿ ಹಾಕಬೇಕಾ? ಹಾಕದಿದ್ದರೆ ಏನಾಗಬಹುದು? ಅಧ್ಯಾಪಕನಿಗೆ ಸ್ವಾತಂತ್ರ್ಯ ಅಂತ ಏನೋ ಇದೆ ಅಂತಾರಲ್ಲ, ಅದು ನನ್ನಂಥವನಿಗೂ ಇದೆಯಾ, ಅಥವಾ ದೊಡ್ಡ ಯೂನಿವರ್ಸಿಟಿಯವರಿಗೆ ಮಾತ್ರವಾ? ಬೈಯುವವರು ಬೈಯಿರಿ, ಆದರೆ ಕಾರಣ ಕೊಟ್ಟು ಬೈಯಿರಿ.

---

ಅರ್ಗಾ ಬಿಟ್ಟವ (ಕಾರವಾರ):

ನಾನು ಮೇಷ್ಟ್ರಲ್ಲ. ಇಬ್ಬರು ಮಕ್ಕಳ ತಂದೆ. ನಮ್ಮದು ಕಾರವಾರದ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಊರು ಬಿಟ್ಟ ಮನೆ. ಈಗ ನನ್ನ ಮಗ ಅದೇ ನೌಕಾನೆಲೆಯ ರಿಪೇರಿ ಯಾರ್ಡಿನಲ್ಲಿ ಅಪ್ರೆಂಟಿಸ್ ಆಗುವ ಆಸೆಯಲ್ಲಿದ್ದಾನೆ. ಆದ್ದರಿಂದ ಎರಡೂ ಕಡೆಯ ಬಿಸಿ ನನಗೆ ಗೊತ್ತು.

ನೇರವಾಗಿ ಹೇಳುತ್ತೇನೆ. ನೀವು "ವಿರೋಧ" ಅಂದದ್ದು ನನಗೆ ಹಿಡಿಸಲಿಲ್ಲ. ನಿಮ್ಮ ಕ್ಲಾಸಿನಲ್ಲಿ ಕೂತವರಲ್ಲಿ ಬಂದರು ಬಂದರೆ ಕ್ರೇನ್ ಆಪರೇಟರ್ ಆಗಬೇಕು ಅನ್ನುವ ಹುಡುಗನೂ ಇರುತ್ತಾನೆ. ಅವನು ಅವತ್ತು ಮನೆಗೆ ಹೋಗಿ ಏನು ಅಂದುಕೊಂಡಿರಬೇಕು? ನಿಮಗಾದರೋ ಗಜನಿ ಇದೆ. ಅವನಿಗೆ ಅದೂ ಇಲ್ಲ.

ಆದರೆ ಮುಚ್ಚಳಿಕೆಗೆ ಸಹಿ ಹಾಕಿ ಅಂತಲೂ ಹೇಳಲಾರೆ. ನಮ್ಮ ಜಮೀನಿಗೆ ನೋಟಿಸ್ ಬಂದಾಗ ಅಪ್ಪನಿಗೆ ಓದು ಬರುತ್ತಿತ್ತು, ಆದರೆ ಆ ಕಾಗದ ಓದಲು ಬರಲಿಲ್ಲ. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. 4(1) ಅಂದರೆ ಮೊದಲ ಪ್ರಕಟಣೆ. ಕೊಟ್ಟ ದರ ಸಾಲದು ಅನಿಸಿದರೆ 18ನೇ ಕಲಂ ಪ್ರಕಾರ ಕೋರ್ಟಿಗೆ ಕಳಿಸಿ ಅಂತ ಅರ್ಜಿ ಹಾಕಬೇಕು. ಅದಕ್ಕೊಂದು ಗಡುವು ಇರುತ್ತದೆ, ದಾಟಿದರೆ ಮುಗಿಯಿತು. ಇದನ್ನು ನಮ್ಮ ಕೇರಿಯಲ್ಲಿ ಹೇಳಿಕೊಟ್ಟವರು ಯಾರು? ವಕೀಲರ ಗುಮಾಸ್ತ. ಕಾಲೇಜಿನಲ್ಲಿ ಕಲಿತ ಹುಡುಗರು ಆಗಲೂ ಇದ್ದರು. ಅವರಿಗೆ ಬೇಡಿಕೆ, ಪೂರೈಕೆ ಅಂತ ಗೆರೆ ಎಳೆಯಲು ಬರುತ್ತಿತ್ತು, ನೋಟಿಸ್ ಓದಲು ಬರುತ್ತಿರಲಿಲ್ಲ.

ನೀವು ಪರವೋ ವಿರೋಧವೋ ನನಗೆ ಬೇಡ. ನನ್ನ ಮಗಳಿಗೆ ಆ ಕಾಗದ ಓದಲು ಕಲಿಸಿ. ಅದನ್ನು ಯಾರಾದರೂ ತಡೆದರೆ ನಾನೇ ಬಂದು ನಿಮ್ಮ ಪ್ರಿನ್ಸಿಪಾಲರ ಹತ್ತಿರ ಮಾತಾಡುತ್ತೇನೆ.

---

ಹಳೇ ಡಸ್ಟರ್ (ಶಿರಸಿ):

ನಿವೃತ್ತನಾಗಿ ಕೆಲವು ವರ್ಷ ಆಯಿತು. ನಾನೂ ಅರ್ಥಶಾಸ್ತ್ರದವನೇ. ಅದಕ್ಕೇ ಈ ಚರ್ಚೆಯಲ್ಲಿ ಕೈ ಹಾಕುತ್ತಿದ್ದೇನೆ, ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು, ನಿಮ್ಮ ಅಸೈನ್‌ಮೆಂಟ್ ಬಗ್ಗೆ. ಅದು ಸಿಲೆಬಸ್ ಆಚೆಯದು ಅಂತ ಯಾರಾದರೂ ಅಂದರೆ ಅವರು ಸಿಲೆಬಸ್ ಓದಿಲ್ಲ ಅಂತಲೇ ಅರ್ಥ. ಪರಿಸರ ಕಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿತು. ಆಮೇಲೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಡಿಗ್ರಿ ತರಗತಿಗಳಿಗೆಲ್ಲ ಒಂದು ಸಾಮಾನ್ಯ ಪಠ್ಯಕ್ರಮ ಮಾಡಿತು. ಅದನ್ನು ತೆಗೆದು ನೋಡಿ. ಅಣೆಕಟ್ಟಿನ ಲಾಭ ಮತ್ತು ತೊಂದರೆ ಅಂತ ಇದೆ. ಜನರ ಸ್ಥಳಾಂತರ, ಪುನರ್ವಸತಿ, ಅದರ ಸಮಸ್ಯೆಗಳು, ಅದಕ್ಕೆ ಪ್ರಕರಣ ಅಧ್ಯಯನ ಅಂತ ಇದೆ. ಕ್ಷೇತ್ರಕಾರ್ಯಕ್ಕೆ ಹೊಳೆ, ಕಾಡು, ಬೆಟ್ಟ ಏನಾದರೂ ಒಂದನ್ನು ಕಣ್ಣಾರೆ ನೋಡಿ ದಾಖಲಿಸಿ ಅಂತ ಇದೆ. ನೀವು ಮಾಡಿದ್ದು ಅದನ್ನೇ. ಆ ಪುಟವನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಈಗ ನಿಮ್ಮಲ್ಲಿ ನಡೆಯುತ್ತಿರುವ ಧಾರವಾಡ ವಿಶ್ವವಿದ್ಯಾಲಯದ ಪಠ್ಯಕ್ರಮದ್ದನ್ನೂ ಜೊತೆಗೆ ಇಡಿ.

ಇನ್ನು ಮುಚ್ಚಳಿಕೆ. ಅದರ ಭಾಷೆ ಎಷ್ಟು ಅಗಲ ಇದೆ ನೋಡಿದಿರಾ? "ಯಾವುದೇ ಅಭಿವೃದ್ಧಿ ಯೋಜನೆ." ಹಾಗಾದರೆ ಭೌತಶಾಸ್ತ್ರದವರು ಕೈಗಾ ಅಣುಸ್ಥಾವರದ 220 ಮೆಗಾವ್ಯಾಟ್ ಘಟಕದಲ್ಲಿ ಭಾರಜಲ ಯಾಕೆ ಬೇಕು ಅಂತ ಹೇಳುವ ಹಾಗಿಲ್ಲ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಮಳೆ ರಜೆ ಮುಗಿದು ಕಾಲೇಜು ಶುರುವಾದಾಗ ಯಾವ ಭೂಗೋಳದ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಅದನ್ನೇ ಮಾತಾಡಲಿಲ್ಲ? ಹೆದ್ದಾರಿ ಅಗಲೀಕರಣವೂ ಅಭಿವೃದ್ಧಿ ಯೋಜನೆಯೇ. ಗುಡ್ಡದ ಬುಡ ಹೇಗೆ ಕತ್ತರಿಸಬೇಕು, ಹೇಗೆ ಕತ್ತರಿಸಬಾರದು ಅನ್ನುವುದು ಭೂಗೋಳವೇ. ಇದನ್ನು ಮ್ಯಾನೇಜ್‌ಮೆಂಟ್ ಮುಂದೆ ನಗುತ್ತಲೇ ಹೇಳಿ. ಅವರು ಬರೆಸಿದ ವಾಕ್ಯ ಅವರಿಗೇ ತೊಡಕು ಅಂತ ಗೊತ್ತಾಗಬೇಕು.

ಸ್ವಾತಂತ್ರ್ಯ ನಿಮ್ಮಂಥವರಿಗೂ ಇದೆಯಾ ಅಂತ ಕೇಳಿದಿರಿ. ಶಿಕ್ಷಣದ ಬಗ್ಗೆ ಕೊಠಾರಿ ಆಯೋಗ 1964ರಿಂದ 66ರ ತನಕ ಕೂತು ಕೊಟ್ಟ ವರದಿಯಲ್ಲಿ ಒಂದು ಮಾತಿದೆ. ಮನಸ್ಸಾಕ್ಷಿಗೆ ಒಪ್ಪದ್ದನ್ನು, ತಾನು ಸತ್ಯ ಅಂದುಕೊಂಡದ್ದಕ್ಕೆ ಎದುರಾದದ್ದನ್ನು ಕಲಿಸು ಅಂತ ಅಧ್ಯಾಪಕನಿಗೆ ಅಪ್ಪಣೆ ಮಾಡುವಂತಿಲ್ಲ ಅಂತ. ಕಾನೂನಲ್ಲ, ಆಯೋಗದ ಮಾತು. ಅಮೆರಿಕದಲ್ಲಿ ಪ್ರಾಧ್ಯಾಪಕರ ಸಂಘ 1940ರಲ್ಲಿ ಅಲ್ಲಿನ ಕಾಲೇಜುಗಳ ಒಕ್ಕೂಟದ ಜೊತೆ ಸೇರಿ ಒಂದು ಹೇಳಿಕೆ ಮಾಡಿತು. ತನ್ನ ವಿಷಯವನ್ನು ಕ್ಲಾಸಿನಲ್ಲಿ ಚರ್ಚಿಸಲು ಅಧ್ಯಾಪಕನಿಗೆ ಸ್ವಾತಂತ್ರ್ಯ ಉಂಟು, ಆದರೆ ವಿಷಯಕ್ಕೆ ಸಂಬಂಧವೇ ಇಲ್ಲದ ವಿವಾದವನ್ನು ಒಳಗೆ ತರಬಾರದು ಅಂತ. ವಿವಾದವೇ ಬೇಡ ಅಂತ ಇದರ ಅರ್ಥ ಅಲ್ಲ ಅಂತ 1970ರಲ್ಲಿ ಅವರೇ ಬಿಡಿಸಿ ಹೇಳಿದರು. ಅದು ಅವರ ದೇಶದ ಮಾತು. ನಿಮ್ಮ ಮ್ಯಾನೇಜ್‌ಮೆಂಟ್ ಮುಂದೆ ಇಟ್ಟರೆ ಇನ್ನೊಂದು ಚಹಾ ಕೊಟ್ಟು ಕಳಿಸುತ್ತಾರೆ. ಆದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ನನಗೆ ಅದು ಯಾವಾಗಲೂ ಉಪಯೋಗಕ್ಕೆ ಬಂದಿದೆ. ಬಂದರಿನ ಲಾಭ ನಷ್ಟ ಅರ್ಥಶಾಸ್ತ್ರ. ಮುಂದಿನ ಚುನಾವಣೆಯಲ್ಲಿ ಯಾರಿಗೆ ಓಟು ಹಾಕಬೇಕು ಅನ್ನುವುದು ಅರ್ಥಶಾಸ್ತ್ರ ಅಲ್ಲ.

ನಮ್ಮ ಹತ್ತಿರದ್ದೇ ಬೇಕು ಅಂದರೆ ಯುಜಿಸಿಯ 2018ರ ನಿಯಮಾವಳಿ ತೆಗೆಯಿರಿ. ಅಧ್ಯಾಪಕರ ಅರ್ಹತೆ, ವಾರಕ್ಕೆ 16 ಗಂಟೆ ಪಾಠ ಅಂತೆಲ್ಲ ಹೇಳುವ ಅದೇ ನಿಯಮಾವಳಿ. ಎಲ್ಲರೂ ಸಂಬಳದ ಪುಟ ಓದಿ ಇಡುತ್ತಾರೆ. ಹಿಂದಿನ ಪುಟಗಳಲ್ಲಿ ವೃತ್ತಿ ನೀತಿ ಅಂತ ಇದೆ. ವಿದ್ಯಾರ್ಥಿ ತನ್ನ ಅಭಿಪ್ರಾಯ ಹೇಳುವ ಹಕ್ಕನ್ನು ಗೌರವಿಸಬೇಕು, ಧರ್ಮ, ಜಾತಿ, ರಾಜಕೀಯ, ಹಣ ನೋಡದೆ ಎಲ್ಲರನ್ನೂ ಸಮಾನವಾಗಿ ಕಾಣಬೇಕು, ವೈಜ್ಞಾನಿಕ ಮನೋಭಾವ ಬೆಳೆಸಬೇಕು ಅಂತ. ವಿದ್ಯಾರ್ಥಿಗಳನ್ನು ಸಹೋದ್ಯೋಗಿಗಳ ಮೇಲೋ ಆಡಳಿತದ ಮೇಲೋ ಎತ್ತಿಕಟ್ಟಬಾರದು ಅಂತಲೂ ಇದೆ. ನಿಮ್ಮ ಮೇಲೆ ಏನಾದರೂ ಬಂದರೆ ಈ ಕೊನೆಯದೇ ಬರುವುದು, ಜಾಗ್ರತೆ.

ನೀವು ನಿಮ್ಮ ಅಭಿಪ್ರಾಯ ಹೇಳಿದ್ದರ ಬಗ್ಗೆ ಕಾರವಾರದವರು ಬೇಜಾರಾದರು. ನನಗೆ ಅಷ್ಟು ಬೇಜಾರಿಲ್ಲ. ಕೇಳಿದರು, ಹೇಳಿದಿರಿ, ಗಜನಿ ಇದೆ ಅಂತಲೂ ಹೇಳಿದಿರಿ. ಹೇಳದೆ ಒಳಗಿಟ್ಟುಕೊಂಡು, ಉದಾಹರಣೆಗಳನ್ನೆಲ್ಲ ಒಂದೇ ಕಡೆಗೆ ಜೋಡಿಸುವ ಮೇಷ್ಟ್ರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದು ಜಾಸ್ತಿ ಅಪಾಯ. ಆದರೆ ಒಂದು ಕೆಲಸ ಮಾಡಬಹುದಿತ್ತು. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ (ಮಾತಿನಲ್ಲೇ ಪಾತ್ರ ಕಟ್ಟುವವ) ಇವತ್ತು ಕೃಷ್ಣನಾಗಿ ಕೌರವನನ್ನು ಕಟ್ಟಿಹಾಕುತ್ತಾನೆ, ನಾಳೆ ಕೌರವನಾಗಿ ಕೃಷ್ಣನ ಬಾಯಿ ಕಟ್ಟುತ್ತಾನೆ. ಎರಡು ದಿನವೂ ಜನ ತಲೆದೂಗುತ್ತಾರೆ. ಬಂದರು ಬೇಕು ಅನ್ನುವ ವಾದವನ್ನು, ಅದನ್ನು ಬೇಕು ಅನ್ನುವವನೇ "ಹೌದು, ನಾನು ಹೇಳುವುದೂ ಇದನ್ನೇ" ಅನ್ನುವಷ್ಟು ಗಟ್ಟಿಯಾಗಿ ಒಂದು ಗಂಟೆ ಮಾಡಿ ತೋರಿಸಿ. ಹುಡುಗರು ಅಮ್ಮನ ಗಂಜಿಗೂ ವಾದಕ್ಕೂ ವ್ಯತ್ಯಾಸ ಮಾಡಲು ಕಲಿಯುತ್ತಾರೆ.

ಶಿರಸಿಯಲ್ಲಿ ಇದ್ದುಕೊಂಡು ಬೇಡ್ತಿಯ ವಿಷಯ ಹೇಳದೆ ಇರಲು ಆಗುವುದಿಲ್ಲ. ಬೇಡ್ತಿ ಹೊಳೆಗೆ ಜಲವಿದ್ಯುತ್ ಅಣೆಕಟ್ಟು ಬರುವುದಿತ್ತು. ತೋಟ ಮುಳುಗುತ್ತದೆ ಅಂತ ಅಡಿಕೆ ಬೆಳೆಗಾರರಿಗೆ ಹೆದರಿಕೆ. ಸುಮ್ನೆ ಘೋಷಣೆ ಕೂಗಿ ಬಿಡಬಹುದಿತ್ತು. 1981ರಲ್ಲಿ ಇಲ್ಲೇ ಒಂದು ವಿಚಾರ ಸಂಕಿರಣ ಆಯಿತು. ಬೆಳೆಗಾರರ ಸಹಕಾರಿ ಸಂಘವೇ ಮುಂದೆ ನಿಂತಿತ್ತು. ವಿಜ್ಞಾನಿಗಳು ಬಂದರು, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಅವರಲ್ಲಿ ಒಬ್ಬರು. ಯೋಜನೆಯ ಲಾಭ, ವೆಚ್ಚದ ಲೆಕ್ಕವನ್ನೇ ಬಿಚ್ಚಿ ನೋಡಿದರು. ಕಾಡು, ತೋಟ ಹೋಗುವುದಕ್ಕೆ ಎಷ್ಟು ಬೆಲೆ ಕಟ್ಟಿದ್ದಾರೆ, ಯಾವುದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತ. ನಾನಾಗ ಡಿಗ್ರಿ ಹುಡುಗ. ಅರ್ಧ ಇಂಗ್ಲಿಷ್ ತಲೆಯ ಮೇಲೆ ಹೋಯಿತು. ಆದರೆ ಸರ್ಕಾರದ ಅಂಕಿಯನ್ನೂ ಕೂಡಿ ಕಳೆದು ನೋಡಬಹುದು ಅನ್ನುವುದು ನನಗೆ ಗೊತ್ತಾದದ್ದು ಅವತ್ತು. ಮುಂದೆ ಆ ಯೋಜನೆ ಬಿಟ್ಟರು. 1983ರಲ್ಲಿ ಸಾಲ್ಕಣಿಯಲ್ಲಿ ಮರ ಉಳಿಸುವ ಅಪ್ಪಿಕೋ ಚಳವಳಿ ಶುರುವಾದದ್ದು ಎಲ್ಲರಿಗೂ ನೆನಪಿದೆ. ಮರ ಅಪ್ಪಿದ ಫೋಟೋ ಇದೆಯಲ್ಲ. ಲೆಕ್ಕ ಮಾಡಿದವರ ಫೋಟೋ ಯಾರೂ ಇಟ್ಟುಕೊಳ್ಳುವುದಿಲ್ಲ.

ಅದಕ್ಕೇ ಹೇಳುವುದು, ಮುಂದಿನ ಸಲ ಯೋಜನೆಯವರದ್ದೇ ಕಾಗದವನ್ನು ಪಠ್ಯ ಮಾಡಿಕೊಳ್ಳಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕಿಂತ ಜಾಸ್ತಿ ಸರಕು ನಿಭಾಯಿಸುವ ಬಂದರು ಅಂದರೆ ಕೇಂದ್ರದ ಅನುಮತಿಯೇ ಬೇಕು. ಸಾರ್ವಜನಿಕ ಅಹವಾಲು ನಡೆಯುವ ಮೊದಲು ಕರಡು ವರದಿ ಡಿಸಿ ಆಫೀಸಿನಲ್ಲಿ, ಜಿಲ್ಲಾ ಪಂಚಾಯತಿಯಲ್ಲಿ ಓದಲು ಸಿಗಬೇಕು. ಸಾರಾಂಶ ಕನ್ನಡದಲ್ಲೂ ಇರಬೇಕು. ಜನರಿಗೆ ಕನಿಷ್ಠ 30 ದಿನ ಸಮಯ. ಹುಡುಗರಿಗೆ ಅದನ್ನೇ ಕೊಡಿ. ಅಳಿವೆಯ ಮೀನು, ಬಳಚಿನ ಬಗ್ಗೆ ಬರೆದದ್ದು ಎಷ್ಟು ಪುಟ, ಉದ್ಯೋಗದ ಅಂಕಿ ಎಲ್ಲಿಂದ ಬಂತು ಅಂತ ಹುಡುಕಲಿ. ಆಗ ನೀವು ವಿರೋಧಿಗಳ ಕರಪತ್ರ ಹಂಚಿದಿರಿ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಕಾರವಾರದವರು ಕೇಳಿದ್ದೂ ಇದನ್ನೇ ಅಲ್ವಾ, ಕಾಗದ ಓದಲು ಕಲಿಸಿ ಅಂತ.

ಕೊನೆಗೆ ನಿಮಗೆ ಎರಡು ಪ್ರಶ್ನೆ. ಬಂದರಿನ ಪರವಾಗಿ ಬರೆದ ಹುಡುಗರಿಗೆ ಎಷ್ಟು ಮಾರ್ಕು ಕೊಟ್ಟಿರಿ? ನನಗೆ ಅದೇ ಮುಖ್ಯ, ಉಳಿದದ್ದೆಲ್ಲ ಆಮೇಲೆ. ಇನ್ನೊಂದು, ಸ್ಟೇಟಸ್‌ಗೆ ಹೋದ ಆ ಅಮ್ಮನನ್ನು ಯಾರಾದರೂ ಕೇಳಿದ್ದರಾ? ಅವರ ಮುಖ, ಅವರ ಮಾತು ಈಗ ಯಾರ ಯಾರ ಫೋನಿನಲ್ಲೋ ಇದೆ. ನಿಮಗೆ ಮುಚ್ಚಳಿಕೆ ಬಂದರೆ ಅವರಿಗೆ ಬೇರೆ ಏನೋ ಬರಬಹುದು.

---

ಕೊನೇ ಬೆಂಚು (ಬಿಎ ಎರಡನೇ ವರ್ಷ, ಊರು ಹೇಳಲ್ಲ):

ನಾನು ಇವರ ಕಾಲೇಜಿನವನಲ್ಲ. ವಿದ್ಯಾರ್ಥಿ ಕಡೆಯಿಂದ ಒಂದು ಮಾತು. ಸರ್ ತಮ್ಮ ಅಭಿಪ್ರಾಯ ಹೇಳಿದ ಕ್ಷಣವೇ ನಮ್ಮ ಪೆನ್ನು ಆ ಕಡೆ ತಿರುಗುತ್ತದೆ. ಇಂಟರ್ನಲ್ ಮಾರ್ಕು ಅವರ ಕೈಯಲ್ಲಿ. ಅವರು ಎಷ್ಟೇ ಒಳ್ಳೆಯವರಾದರೂ ನಾವು ರಿಸ್ಕ್ ತಗೊಳ್ಳಲ್ಲ. ನಮ್ಮಲ್ಲಿ ಒಬ್ಬರು ಎಡ, ಒಬ್ಬರು ಬಲ. ನಾನು ಇಬ್ಬರಿಗೂ ಅವರವರಿಗೆ ಬೇಕಾದ್ದನ್ನೇ ಬರೆದು ಇಬ್ಬರಿಂದಲೂ ಮಾರ್ಕು ತಗೊಂಡಿದ್ದೇನೆ. ನನಗೆ ಏನು ಅನಿಸುತ್ತದೆ ಅಂತ ಇಬ್ಬರೂ ಕೇಳಲಿಲ್ಲ. ಅಭಿಪ್ರಾಯ ಹೇಳಿ, ಬೇಡ ಅನ್ನಲ್ಲ. ಪೇಪರ್ ತಗೊಂಡ ಮೇಲೆ ಹೇಳಿ.

---

ಹಳೇ ಡಸ್ಟರ್:

ಇದು ನನಗೆ ಇಡೀ ನೌಕರಿಯಲ್ಲಿ ಹೊಳೆಯಲಿಲ್ಲ ನೋಡಿ. ಪೇಪರ್ ತಗೊಂಡ ಮೇಲೆ ಹೇಳುವುದು.

---

ಕಪ್ಪು ಕೋಟು (ಕಾರವಾರ):

ಕಾನೂನಿನ ಭಾಗ ಮಾತ್ರ ಹೇಳುತ್ತೇನೆ. ಇದು ಫೀಸು ತೆಗೆದುಕೊಂಡು ಕೊಟ್ಟ ಸಲಹೆ ಅಲ್ಲ, ನಿಮ್ಮ ನೇಮಕಾತಿ ಆದೇಶ ನೋಡದೆ ಯಾರೂ ಪೂರ್ತಿ ಹೇಳಲಾರರು.

ಸಂವಿಧಾನದ 19(1)(ಎ), ಅಂದರೆ ವಾಕ್ ಸ್ವಾತಂತ್ರ್ಯ, ಅಂತ ಎಲ್ಲರೂ ಮೊದಲು ಅದನ್ನೇ ಹಿಡಿಯುತ್ತಾರೆ. ಅದು ಮುಖ್ಯವಾಗಿ ಸರ್ಕಾರದ ಎದುರಿನ ರಕ್ಷಣೆ. ಖಾಸಗಿ ಮ್ಯಾನೇಜ್‌ಮೆಂಟ್ ಎದುರು ಅದೊಂದನ್ನೇ ಹಿಡಿದು ಹೋದರೆ ದೂರ ಹೋಗುವುದು ಕಷ್ಟ. ನಿಮಗೆ ಉಪಯೋಗ ಆಗುವುದು ಬೇರೆ. ಕರ್ನಾಟಕದಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಯ ನೌಕರರನ್ನು ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ. ಆರೋಪ ಬರೆದು ಕೊಡಬೇಕು, ಉತ್ತರ ಕೊಡಲು ಬಿಡಬೇಕು. ವಜಾ ಆದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜಿಲ್ಲಾ ನ್ಯಾಯಾಧೀಶರೇ ಅದನ್ನು ಕೇಳುವುದು.

ತೊಡಕು ಎಲ್ಲಿ ಅಂದರೆ, ನಿಮ್ಮಂಥವರನ್ನು ವಜಾ ಮಾಡುವುದೇ ಇಲ್ಲ. ಹೊಸ ವರ್ಷಕ್ಕೆ ಆದೇಶ ಕೊಡುವುದಿಲ್ಲ, ಅಷ್ಟೇ. "ತೆಗೆದಿಲ್ಲ, ಅವಧಿ ಮುಗಿಯಿತು" ಅನ್ನುತ್ತಾರೆ. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಇರಬೇಕಾದ್ದು ಕಾಗದ. ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದೀರಿ, ಫಲಿತಾಂಶ ಎಷ್ಟು, ಕ್ಷೇತ್ರ ಭೇಟಿಗೆ ಅನುಮತಿ ಇತ್ತು ಅನ್ನುವುದಕ್ಕೆಲ್ಲ.

ಮುಚ್ಚಳಿಕೆಗೆ ಇದ್ದ ಹಾಗೆ ಸಹಿ ಹಾಕಬೇಡಿ. ಇವತ್ತು ಅಳಿವೆಯ ಬಗ್ಗೆ ಪಾಠ ಮಾಡುವುದು ತಪ್ಪಲ್ಲ. ಸಹಿ ಹಾಕಿದ ಮೇಲೆ ಅದೇ ಪಾಠ ಮಾಡಿದರೆ "ಬರೆದುಕೊಟ್ಟದ್ದನ್ನು ಮುರಿದ" ಅನ್ನುವ ಹೊಸ ಆರೋಪ ಹುಟ್ಟುತ್ತದೆ. ಆರೋಪವನ್ನು ನೀವೇ ತಯಾರು ಮಾಡಿ ಕೊಟ್ಟ ಹಾಗೆ. ಸಹಿ ಹಾಕುವುದಿಲ್ಲ ಅಂತ ಬಾಯಲ್ಲಿ ಹೇಳಿ ಬರುವುದೂ ಬೇಡ. ನಿಮ್ಮದೇ ಒಂದು ಪತ್ರ ಕೊಡಿ.

ಸರ್ಕಾರಿ ಕಾಲೇಜಿನವರು ಈ ಚರ್ಚೆ ಓದುತ್ತಿದ್ದರೆ, ನಿಮ್ಮ ಪರಿಸ್ಥಿತಿ ಬೇರೆ. ನಿಮಗೆ 2021ರ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳಿವೆ, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಲು ಅಡ್ಡಿ ಇದೆ. ಹಾಗಂತ ಬಾಯಿ ಪೂರ್ತಿ ಮುಚ್ಚಬೇಕಾಗಿಲ್ಲ. ತ್ರಿಪುರಾದಲ್ಲಿ ಮೀನುಗಾರಿಕೆ ಇಲಾಖೆಯ ಒಬ್ಬ ನೌಕರರನ್ನು ರಾಜಕೀಯ ಸಭೆಗೆ ಹೋದರು, ಫೇಸ್‌ಬುಕ್‌ನಲ್ಲಿ ಬರೆದರು ಅಂತ ನಿವೃತ್ತಿಯ ಹೊಸ್ತಿಲಲ್ಲಿ ಅಮಾನತು ಮಾಡಿದ್ದರು. 2020ರಲ್ಲಿ ಅಲ್ಲಿನ ಹೈಕೋರ್ಟ್, ಸರ್ಕಾರಿ ನೌಕರಿ ಇದೆ ಅಂತ ವಾಕ್ ಸ್ವಾತಂತ್ರ್ಯ ಹೋಗುವುದಿಲ್ಲ, ಸಭೆಗೆ ಹೋಗುವುದೂ ಸಭೆಯಲ್ಲಿ ಭಾಗಿಯಾಗುವುದೂ ಒಂದೇ ಅಲ್ಲ ಅಂದಿತು.

ಪತ್ರಿಕೆಯಲ್ಲಿ ಹೆಸರಿನ ಕೆಳಗೆ ಕಾಲೇಜಿನ ಹೆಸರು ಬರುವುದನ್ನು ಇವತ್ತೇ ನಿಲ್ಲಿಸಿ. ಮ್ಯಾನೇಜ್‌ಮೆಂಟ್‌ಗೆ ಇರುವ ಒಂದೇ ನ್ಯಾಯವಾದ ದೂರು ಅದು.

---

ಗಜನಿ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಒಂದೊಂದಾಗಿ ಹೇಳುತ್ತೇನೆ.

ಮಾರ್ಕು. ಇಡೀ ಕ್ಲಾಸಿನಲ್ಲಿ ಅತಿ ಹೆಚ್ಚು ಬಂದದ್ದು ಬಂದರಿನ ಪರ ಬರೆದ ಹುಡುಗನಿಗೆ, ಹತ್ತಕ್ಕೆ ಒಂಬತ್ತು. ಅವನ ಅಪ್ಪನ ಬೋಟು ತದಡಿಯಲ್ಲಿದೆ. ಮಂಜುಗಡ್ಡೆಗೆ ಎಷ್ಟು, ಡೀಸೆಲ್‌ಗೆ ಎಷ್ಟು, ಅಳಿವೆಯಲ್ಲಿ ಹೂಳು ತುಂಬಿ ಬೋಟು ನಿಂತ ದಿನಗಳಲ್ಲಿ ನಷ್ಟ ಎಷ್ಟು ಅಂತ ಕೇಳಿಕೊಂಡು ಬಂದು ಬರೆದಿದ್ದ. ಹೂಳೆತ್ತಿದರೆ ತಮಗೂ ಉಪಯೋಗ ಅನ್ನುವುದು ಅವನ ವಾದ. ಹೂಳೆತ್ತಿದರೆ ಬಳಚಿನ ಗತಿ ಏನು ಅಂತ ಬರೆದಿರಲಿಲ್ಲ, ಅದಕ್ಕೆ ಒಂದು ಮಾರ್ಕು ಹೋಯಿತು. ವಿರೋಧವಾಗಿ ಬರೆದ ಒಬ್ಬಳು ಎರಡು ಪುಟ ಪ್ರಕೃತಿ ಮಾತೆಯನ್ನು ಹೊಗಳಿದ್ದಳು, ಒಂದು ಅಂಕಿ ಇಲ್ಲ. ನಾಲ್ಕು ಕೊಟ್ಟೆ. ಅವಳಿಗೆ ಇನ್ನೂ ಸಿಟ್ಟಿದೆ. ಈ ಪೇಪರುಗಳೆಲ್ಲ ನನ್ನ ಹತ್ತಿರವೇ ಇವೆ, ಜೆರಾಕ್ಸ್ ಮಾಡಿಸುತ್ತೇನೆ.

ಬಳಚಿನ ಅಮ್ಮನ ಮನೆಗೆ ಆ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. "ನಾ ಹೇಳಿದ್ದೇ ತಾನೇ, ಇರಲಿ ಬಿಡಿ" ಅಂದರು ಅವರು. ಸೊಸೆ ಮಾತ್ರ ಬೇಡ ಅಂದಳು. ಸೊಸೆಯ ಮಾತು ಕೇಳಿ ಸ್ಟೇಟಸ್ ತೆಗೆಸಿದೆವು. ಅದು ಇದ್ದದ್ದೇ ಒಂದು ದಿನ, ಆದರೆ ಫಾರ್ವರ್ಡ್ ಆದದ್ದಕ್ಕೆ ಲೆಕ್ಕ ಇಲ್ಲ.

ಕಾರವಾರದವರಿಗೆ: ಕ್ರೇನ್ ಆಪರೇಟರ್ ಹುಡುಗ ನನ್ನ ಕ್ಲಾಸಿನಲ್ಲಿ ನಿಜವಾಗಿಯೂ ಇದ್ದಾನೆ. ಅವನ ಹತ್ತಿರ ಮಾತಾಡಿದೆ. ಅವನು "ಸರ್, ನೀವು ವಿರೋಧ ಅಂದರೂ ಬಂದರು ಬರುವುದಾದರೆ ಬರುತ್ತದೆ" ಅಂದ. ಇದಕ್ಕೆ ಏನು ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ. ಮುಂದಿನ ಸೆಮಿಸ್ಟರಿಗೆ ಭೂಸ್ವಾಧೀನದ ನೋಟಿಸ್ ಓದುವುದನ್ನೇ ಒಂದು ಅಸೈನ್‌ಮೆಂಟ್ ಮಾಡುತ್ತೇನೆ. ಈಗ 1894ರದ್ದು ಹೋಗಿ 2013ರ ಕಾಯ್ದೆ ಬಂದಿದೆ, ಸಾಮಾಜಿಕ ಪರಿಣಾಮದ ಅಧ್ಯಯನ ಅಂತ ಹೊಸದು ಸೇರಿದೆ. ನಿಮ್ಮ ಹಳೇ ನೋಟಿಸ್ ಮನೆಯಲ್ಲಿ ಇದ್ದರೆ ಒಂದು ಪ್ರತಿ ಕೊಡುತ್ತೀರಾ? ಹೆಸರು, ಸರ್ವೆ ನಂಬರ್ ಅಳಿಸಿಯೇ ಬಳಸುತ್ತೇನೆ.

ಪತ್ರಿಕೆಯವರಿಗೆ ಫೋನ್ ಮಾಡಿ ಕಾಲೇಜಿನ ಹೆಸರು ತೆಗೆಸಿದೆ. "ಹಾಗಾದರೆ ಏನಂತ ಹಾಕಲಿ?" ಅಂದರು. "ಲೇಖಕರು ಕುಮಟಾದವರು" ಅಂತ ಹಾಕಿ ಅಂದೆ. ಅವರಿಗೆ ಅಷ್ಟು ಖುಷಿ ಆಗಲಿಲ್ಲ.

ಪತ್ರದ ಕರಡು ಇದು, ತಿದ್ದಿ ಕೊಡಿ:

"ತಾವು ಕೊಟ್ಟ ಮುಚ್ಚಳಿಕೆಗೆ ಸಹಿ ಹಾಕಲು ನನಗೆ ಆಗುವುದಿಲ್ಲ. ಅದಕ್ಕೆ ಸಹಿ ಹಾಕಿದರೆ ನಿಗದಿತ ಪಠ್ಯಕ್ರಮವನ್ನೇ ಕಲಿಸಲು ಬರುವುದಿಲ್ಲ. ಪಠ್ಯಕ್ರಮದ ಸಂಬಂಧಪಟ್ಟ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ತರಗತಿಯಲ್ಲಿ ಯಾವುದೇ ಯೋಜನೆಯ ಬಗ್ಗೆ ಮಾತಾಡುವಾಗ ಪರ, ವಿರೋಧ ಎರಡಕ್ಕೂ ಸಮಯ ಕೊಡುತ್ತೇನೆ. ವಿದ್ಯಾರ್ಥಿಗಳ ಉತ್ತರ ಪತ್ರಿಕೆ ಸಂಗ್ರಹಿಸುವ ಮೊದಲು ನನ್ನ ಅಭಿಪ್ರಾಯ ಹೇಳುವುದಿಲ್ಲ. ಕ್ಷೇತ್ರ ಭೇಟಿಗೆ ಲಿಖಿತ ಅನುಮತಿ ಪಡೆಯುತ್ತೇನೆ, ಅಲ್ಲಿ ಮಾತಾಡಿಸಿದವರ ಒಪ್ಪಿಗೆ ಇಲ್ಲದೆ ಫೋಟೋ, ವೀಡಿಯೋ ಹೊರಗೆ ಹೋಗದಂತೆ ನೋಡಿಕೊಳ್ಳುತ್ತೇನೆ. ಹೊರಗೆ ಬರೆಯುವಾಗ ಕಾಲೇಜಿನ ಹೆಸರು ಬಳಸುವುದಿಲ್ಲ. ಅದರಾಚೆಗೆ ಬರೆಯುವುದು ನನ್ನ ಸ್ವಂತ ವಿಷಯ."

ಕೊನೆಯ ವಾಕ್ಯ ಇಡಲಾ, ತೆಗೆಯಲಾ? ಮನೆಯಲ್ಲಿ ತೆಗೆಯಿರಿ ಅಂತಿದ್ದಾರೆ. ಬೈಕಿನ ಸಾಲ ಇನ್ನೂ ಬಾಕಿ ಇದೆ.

---

ಕಪ್ಪು ಕೋಟು:

ಇಡಿ. ಆದರೆ "ನನ್ನ ಸ್ವಂತ ವಿಷಯ" ಅನ್ನುವುದಕ್ಕಿಂತ "ನಾಗರಿಕನಾಗಿ ನನ್ನ ವೈಯಕ್ತಿಕ ಅಭಿಪ್ರಾಯ ಮಾತ್ರ" ಅಂತ ಮಾಡಿ. ಅರ್ಥ ಅದೇ, ಓದುವವರಿಗೆ ಚುಚ್ಚುವುದಿಲ್ಲ.

---

ಹಳೇ ಡಸ್ಟರ್:

ಪ್ರಿನ್ಸಿಪಾಲರ ಕೈಗೆ ಕೊಡಬೇಡಿ, ಅವರ ಮೇಜಿನ ಡ್ರಾಯರಿನಲ್ಲೇ ಉಳಿಯುತ್ತದೆ. ಆಫೀಸಿನಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು, ತಾರೀಕು, ಆವಕ ನಂಬರ್ ಹಾಕಿಸಿಕೊಳ್ಳಿ. ಕ್ಲಾರ್ಕ್ ಊಟಕ್ಕೆ ಹೋಗಿದ್ದಾರೆ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ.